ಇಲ್ಲದ ಚರ್ಚಿಗೊಂದು ಯಾತ್ರೆ

ಮ್ಯಾನ್‌ಹಟನ್ನಿನ ಪಶ್ಚಿಮದ ಅಂಚಿನಲ್ಲಿ, 77ನೇ ಬೀದಿ ಇನ್ನೇನು ಹಡ್ಸನ್ ನದಿಯ ಕಡೆಯ ರಸ್ತೆಗೆ ಸೇರಬೇಕು ಅನ್ನುವಲ್ಲಿ, 312ನೇ ನಂಬರಿನ ಮನೆಯೊಂದಿದೆ. ಹಿಂದೊಮ್ಮೆ ರಷ್ಯನ್ ಆರ್ಥೊಡಾಕ್ಸ್ ಚರ್ಚಾಗಿದ್ದ ಕಟ್ಟಡ. ಆಮೇಲೆ ಮನೆಯಾಯಿತು, ಆ ಮನೆಗೆ ಜಾಜ್ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಬಂದ. ರಸ್ತೆಯ ಕಂಬದಲ್ಲಿ ಈಗ ‘ಮೈಲ್ಸ್ ಡೇವಿಸ್ ವೇ’ ಅನ್ನುವ ಫಲಕವಿದೆ. 2014ರಲ್ಲಿ ಬೀದಿಯ ಈ ತುಂಡಿಗೆ ಅವನ ಹೆಸರಿಟ್ಟರು. ಅದರ ಕೆಳಗೆ ಯಾರೋ ಎರಡು ನಾಯಿಗಳನ್ನು ಹಿಡಿದುಕೊಂಡು ಫೋನಿನಲ್ಲಿ ಜಗಳವಾಡುತ್ತಿದ್ದರು.

“ಇಷ್ಟೇನಾ ಮಾಮ?” ಅಂದ ಅಕ್ಕನ ಮಗ. ನ್ಯೂಜೆರ್ಸಿಯಲ್ಲಿ ಕೆಲಸ ಅವನಿಗೆ. ಅಕ್ಟೋಬರಿನ ಒಂದು ಶನಿವಾರವನ್ನು ನನಗೋಸ್ಕರ ಬಿಟ್ಟುಕೊಟ್ಟು ಬಂದಿದ್ದ.

“ಇಷ್ಟೇ. ಮುಂದಿನ ಜಾಗದಲ್ಲಿ ಇಷ್ಟೂ ಇಲ್ಲ ಕಣೋ.”

ಅವನು ನನ್ನ ಮುಖ ನೋಡಿದ. ಎಂಪೈರ್ ಸ್ಟೇಟ್ ಕಟ್ಟಡ ಬೇಡ, ಟೈಮ್ಸ್ ಸ್ಕ್ವೇರ್ ಬೇಡ ಎಂದು ಹಟ ಹಿಡಿದ ಮಾಮನ ತಲೆಯಲ್ಲಿ ಏನಿದೆ ಅನ್ನುವುದು ಅವನಿಗೆ ಇನ್ನೂ ಹೊಳೆದಿರಲಿಲ್ಲ.

ನನ್ನ ತಲೆಯಲ್ಲಿ ಇದ್ದದ್ದು 1969ರ ಫೆಬ್ರವರಿ. ಇಂಗ್ಲೆಂಡಿನ ಡಾನ್‌ಕಾಸ್ಟರ್‌ನಲ್ಲಿ ಹುಟ್ಟಿದ, ಇಪ್ಪತ್ತೇಳು ವರ್ಷದ ಗಿಟಾರ್ ವಾದಕನೊಬ್ಬ ಈ ಮೆಟ್ಟಿಲು ಹತ್ತಿದ ದಿನ. ಹೆಸರು ಜಾನ್ ಮೆಕ್‌ಲಾಫ್ಲಿನ್. ಅಮೆರಿಕಕ್ಕೆ ಬಂದಿಳಿದದ್ದು ಅದೇ ತಿಂಗಳ ಮೊದಲಲ್ಲಿ. ಕರೆಸಿಕೊಂಡವನು ಮೈಲ್ಸ್ ಅಲ್ಲ, ಡ್ರಮ್ಮರ್ ಟೋನಿ ವಿಲಿಯಮ್ಸ್. ಹದಿನೇಳರ ಹರೆಯದಲ್ಲೇ ಮೈಲ್ಸ್ ತಂಡ ಸೇರಿದ್ದ ಟೋನಿ, ಈಗ ಅಲ್ಲಿಂದ ಹೊರಬಿದ್ದು ತನ್ನದೇ ತಂಡ ಕಟ್ಟುವ ಉಮೇದಿನಲ್ಲಿದ್ದ. ಲಂಡನ್ನಿನಿಂದ ಬಂದ ಒಂದು ಟೇಪಿನಲ್ಲಿ ಜಾನ್ ನುಡಿಸಿದ್ದನ್ನು ಕೇಳಿ, ಬಾ ಎಂದು ಹೇಳಿ ಕಳಿಸಿದ್ದ. ಟೋನಿಗೆ ಮೈಲ್ಸ್ ಮನೆಯಲ್ಲಿ ಏನೋ ಕೆಲಸವಿತ್ತು. ಹೊಸ ಹುಡುಗನನ್ನೂ ಜೊತೆಗೆ ಕರೆದುಕೊಂಡು ಬಂದ. ಮೈಲ್ಸ್ ಅವನನ್ನು ನೋಡಿ, ನಾಳೆ ರೆಕಾರ್ಡಿಂಗ್ ಇದೆ, ಗಿಟಾರ್ ತೆಗೆದುಕೊಂಡು ಬಾ ಅಂದ. ಅಷ್ಟೇ ಮಾತುಕತೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆಗ ಮೈಲ್ಸ್ ತಂಡದಲ್ಲಿ ಗಿಟಾರ್ ಇರಲೇ ಇಲ್ಲ. ತುತ್ತೂರಿ, ಸ್ಯಾಕ್ಸೊಫೋನ್, ಪಿಯಾನೊ, ಬಾಸ್, ಡ್ರಮ್ಸ್ ಎನ್ನುವ ಐವರ ಕಟ್ಟು ಅವನದು. ನಡುವೆ ಒಂದೆರಡು ಸಲ ಸ್ಟುಡಿಯೋದಲ್ಲಿ ಗಿಟಾರ್ ಸೇರಿಸಿ ನೋಡಿದ್ದುಂಟು. ಅದು ಅಲ್ಲಿಗೇ ನಿಂತಿತ್ತು. ಅಂಥವನು ಊರಿಗೆ ಹೊಸಬನಾದ ಒಬ್ಬನನ್ನು, ಅದೂ ತನ್ನ ಡ್ರಮ್ಮರ್ ಕರೆಸಿಕೊಂಡ ಅತಿಥಿಯನ್ನು, ಕೈಯಳತೆ ದೂರದಿಂದ ಎತ್ತಿಕೊಂಡುಬಿಟ್ಟ. ಟೋನಿಗೆ ಏನನ್ನಿಸಿರಬೇಡ!

ಜಾನ್ ಮಾರನೆಯ ದಿನ ಎಲ್ಲಿಗೆ ಹೋದನೋ ಅಲ್ಲಿಗೆ ನಾವೂ ಹೊರಟೆವು. 79ನೇ ಬೀದಿಯ ನಿಲ್ದಾಣದಲ್ಲಿ ಒಂದನೇ ನಂಬರಿನ ಸಬ್‌ವೇ ಹತ್ತಿ 28ನೇ ಬೀದಿಯಲ್ಲಿ ಇಳಿದೆವು. ನೆಟ್ಟಗೆ ಅವನು ಹೋದ 30ನೇ ಬೀದಿಗೆ ಹೋಗಬಹುದಿತ್ತು. ಆದರೆ 28ನೇ ಬೀದಿಯನ್ನು ಬಿಟ್ಟು ಹೋಗುವುದು ಹೇಗೆ? ಮೊದಲು ಸಿಗುವುದು ಹೂವಿನ ಅಂಗಡಿಗಳ ಸಾಲು. ಕಾಲುದಾರಿಯ ಎರಡೂ ಬದಿ ಆಳೆತ್ತರದ ಗಿಡಗಳು, ಒದ್ದೆ ರಟ್ಟಿನ ಪೆಟ್ಟಿಗೆಗಳು, ಕತ್ತರಿಸಿ ಬಿಸಾಕಿದ ದಂಟಿನ ಹಸಿ ವಾಸನೆ. ಆರನೇ ಅವೆನ್ಯೂ ದಾಟಿದರೆ ಹಳೆಯ ‘ಟಿನ್ ಪ್ಯಾನ್ ಆಲಿ’. ರೆಕಾರ್ಡುಗಳು ಮನೆಮಾತಾಗುವ ಮೊದಲು ಹಾಡುಗಳನ್ನು ಕಾಗದದ ಮೇಲೆ ಅಚ್ಚು ಹಾಕಿ ಮಾರುತ್ತಿದ್ದ ಪ್ರಕಾಶಕರ ಓಣಿ ಇದು. ಒಂದೊಂದು ಕಟ್ಟಡದಲ್ಲೂ ಹತ್ತಾರು ಪಿಯಾನೊಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವಂತೆ. ತಗಡಿನ ಪಾತ್ರೆ ಬಡಿದಂಥ ಆ ಗದ್ದಲದಿಂದಲೇ ಹೆಸರು ಬಂತು ಎನ್ನುತ್ತಾರೆ. ಈಗ ಉಳಿದಿರುವುದು ಕೆಲವೇ ಹಳೆಯ ಮನೆಗಳು. ಅಮೆರಿಕದ ಜನಪ್ರಿಯ ಹಾಡಿನ ಅರ್ಧ ಚರಿತ್ರೆ ಇಷ್ಟು ಸಣ್ಣ ತುಂಡು ರಸ್ತೆಯಲ್ಲಿ ನಡೆಯಿತೇ ಎಂದು ನಾನು ಬಾಯಿ ಬಿಟ್ಟು ನಿಂತದ್ದನ್ನು ಹುಡುಗ ಫೋಟೋ ತೆಗೆದ. ಆ ಫೋಟೋ ಸಂಜೆಯೊಳಗೆ ಮೈಸೂರಿನ ಕುಟುಂಬದ ಗುಂಪಿಗೆ ಹೋಗಿತ್ತು.

ಪೂರ್ವಕ್ಕೆ ನಡೆಯುತ್ತ ಲೆಕ್ಸಿಂಗ್ಟನ್ ಅವೆನ್ಯೂ ಮುಟ್ಟುವಾಗ ಗಾಳಿಯೇ ಬದಲಾಗುತ್ತದೆ. ಒಗ್ಗರಣೆ! ದೋಸೆ, ಬಿರಿಯಾನಿ, ಮಿಠಾಯಿ ಅಂಗಡಿಗಳ ಈ ಮೂಲೆಗೆ ‘ಕರಿ ಹಿಲ್’ ಎಂದು ಹೆಸರು. 123ನೇ ನಂಬರಿನಲ್ಲಿ ಕಲುಸ್ಟಿಯನ್ಸ್ ಎಂಬ ಪ್ರಸಿದ್ಧ ಮಸಾಲೆ ಅಂಗಡಿ. 1881ರಲ್ಲಿ ಚೆಸ್ಟರ್ ಆರ್ಥರ್ ಎಂಬಾತ ಅಮೆರಿಕದ ಅಧ್ಯಕ್ಷನಾಗಿ ಪ್ರಮಾಣ ವಚನ ತೆಗೆದುಕೊಂಡದ್ದು ಇದೇ ಮನೆಯಲ್ಲಿ, ನಡುರಾತ್ರಿ ಕಳೆದ ಮೇಲೆ. ಅದೇ ಕಟ್ಟಡದಲ್ಲಿ ಈಗ ಇಂಗು, ಮೆಂತ್ಯ, ತೊಗರಿಬೇಳೆ. ಅಂಗಡಿ ಶುರು ಮಾಡಿದವರು ಆರ್ಮೇನಿಯನ್ನರು. ಹತ್ತಿರದಲ್ಲೇ, ಎರಡನೇ ಅವೆನ್ಯೂವಿನಲ್ಲಿ, ಅವರ ದೊಡ್ಡ ಸಂತ ವರ್ತಾನ್ ಚರ್ಚೂ ಇದೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾವು ಹುಡುಕಿ ಹೊರಟಿದ್ದ ಕಟ್ಟಡವೂ ಒಂದು ಕಾಲದಲ್ಲಿ ಆರ್ಮೇನಿಯನ್ನರ ಪ್ರಾರ್ಥನಾ ಮಂದಿರವಾಗಿತ್ತು.

ದೋಸೆ ತಿನ್ನದೆ ಮುಂದೆ ಹೆಜ್ಜೆ ಇಡುವುದಿಲ್ಲ ಎಂದು ಹುಡುಗ ಕೂತ. ಕಾಯುವಾಗ ಅವನಿಗೆ ಕದ್ರಿ ಗೋಪಾಲನಾಥರ ಸುದ್ದಿ ಹೇಳಿದೆ. ದಕ್ಷಿಣ ಕನ್ನಡದ ನಾಗಸ್ವರ ಮನೆತನದಲ್ಲಿ ಹುಟ್ಟಿ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದವರು, ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪನ ಜೊತೆ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ ಮಾಡಿದರು, 2008ರಲ್ಲಿ ಬಂತು. ಅದರಲ್ಲೂ ಒಂದು ಗಿಟಾರ್ ಇದೆ, ರೆಜ್ ಅಬ್ಬಾಸಿಯದು. “ಮಹಂತಪ್ಪನಾ? ನಮ್ಮ ಕಡೆ ಹೆಸರಲ್ವಾ!” ಎಂದು ಹುಡುಗ ಮೊದಲ ಬಾರಿಗೆ ಕಿವಿ ನಿಮಿರಿಸಿದ.

ಕೊನೆಗೂ 30ನೇ ಬೀದಿ. ಮೂರನೇ ಅವೆನ್ಯೂ ದಾಟಿದರೆ 207ನೇ ನಂಬರಿನ ಜಾಗ. ಬಹುಮಹಡಿ ವಸತಿ ಕಟ್ಟಡ. ಗಾಜಿನ ಬಾಗಿಲು, ಒಳಗೊಬ್ಬ ದ್ವಾರಪಾಲಕ, ಯಾರಿಗೋ ಬಂದ ಪಾರ್ಸೆಲ್‌ಗಳ ರಾಶಿ. ನಾನು ಎದುರು ಬದಿಯ ಕಾಲುದಾರಿಗೆ ಹೋಗಿ ಕತ್ತೆತ್ತಿ ನಿಂತೆ.

ಇಲ್ಲಿದ್ದದ್ದು 1875ರ ಪ್ರೆಸ್ಬಿಟೇರಿಯನ್ ಚರ್ಚು. ಕೈಯಿಂದ ಕೈಗೆ ದಾಟುತ್ತ, ಕಡೆಗೆ ಭಕ್ತರಿಲ್ಲದೆ ಖಾಲಿಯಾದ ಮೇಲೆ 1940ರ ದಶಕದ ಕೊನೆಯಲ್ಲಿ ಕೊಲಂಬಿಯಾ ರೆಕಾರ್ಡ್ಸ್ ಕಂಪನಿ ಇದನ್ನು ಸ್ಟುಡಿಯೋ ಮಾಡಿಕೊಂಡಿತು. ಒಳಗಿನ ಛಾವಣಿ ನೂರು ಅಡಿ ಎತ್ತರವಿತ್ತು ಎನ್ನುತ್ತಾರೆ. ಗಾರೆಯ ಗೋಡೆ, ಮರದ ನೆಲ. ಮಿಚ್ ಮಿಲ್ಲರ್ ಎಂಬ ಅಧಿಕಾರಿ ಇಲ್ಲಿಯ ನಾದಕ್ಕೆ ಎಷ್ಟು ಮರುಳಾದನೆಂದರೆ, ಗೋಡೆಗೆ ಬಣ್ಣ ಬಳಿಯಕೂಡದು, ನೆಲ ಉಜ್ಜಿ ತೊಳೆಯಕೂಡದು, ಏನನ್ನೂ ಅಲುಗಿಸಕೂಡದು ಎಂದು ಕಟ್ಟಪ್ಪಣೆ ಮಾಡಿದನಂತೆ. ಧೂಳು ಕೂಡ ನಾದದಲ್ಲಿ ಪಾಲುದಾರ! ನೆಲಮಾಳಿಗೆಯಲ್ಲಿ ಕಾಂಕ್ರೀಟಿನ ಒಂದು ಸಣ್ಣ ಕೋಣೆ. ಅದರಲ್ಲಿ ಒಂದು ಸ್ಪೀಕರ್, ಒಂದು ಮೈಕು. ಮೇಲೆ ನುಡಿಸಿದ್ದನ್ನು ಈ ಕೋಣೆಯೊಳಗೆ ಹೊರಡಿಸಿ, ಗೋಡೆಗೆ ಬಡಿದು ಮರಳಿದ ಗುಂಗನ್ನು ಮೈಕಿನಲ್ಲಿ ಹಿಡಿದು, ಮೂಲ ಧ್ವನಿಗೆ ಬೇಕಾದಷ್ಟು ಬೆರೆಸುತ್ತಿದ್ದರು. ಇಂದು ಗುಂಡಿ ಒತ್ತಿದರೆ ಸಿಗುವ ‘ಎಕೋ’ಗೆ ಆಗ ಒಂದು ಕೋಣೆಯನ್ನೇ ಮೀಸಲಿಡಬೇಕಿತ್ತು.

ವಾದ್ಯಗಾರರು ಇದನ್ನು ‘ಚರ್ಚ್’ ಎಂದೇ ಕರೆಯುತ್ತಿದ್ದರು. 1959 ಎಂಬ ಒಂದೇ ವರ್ಷ ತೆಗೆದುಕೊಳ್ಳಿ. ಮೈಲ್ಸ್‌ನ ‘ಕೈಂಡ್ ಆಫ್ ಬ್ಲೂ’, ಡೇವ್ ಬ್ರೂಬೆಕ್‌ನ ‘ಟೈಮ್ ಔಟ್’, ಚಾರ್ಲ್ಸ್ ಮಿಂಗಸ್‌ನ ‘ಮಿಂಗಸ್ ಆ ಉಮ್’ ಮೂರೂ ಆ ವರ್ಷ ಈ ಗೋಡೆಗಳ ನಡುವೆ ಹುಟ್ಟಿದವು. ಪಿಯಾನೊ ವಾದಕ ಗ್ಲೆನ್ ಗೌಲ್ಡ್ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸನ್ನು 1955ರಲ್ಲಿ ಇಲ್ಲಿ ನುಡಿಸಿ ಹೆಸರಾದ. 1981ರಲ್ಲಿ ಅದನ್ನೇ ಮತ್ತೆ ನುಡಿಸಲು ಇಲ್ಲಿಗೇ ಬಂದ. ಅದಾದ ಸ್ವಲ್ಪ ದಿನಕ್ಕೆ ಕಂಪನಿ ಕಟ್ಟಡ ಮಾರಿತು, ಕೊಂಡವರು ಕೆಡವಿದರು. ಊರಿನ ನೆಲದ ಬೆಲೆಯ ಮುಂದೆ ಧೂಳಿನ ಬೆಲೆ ಎಷ್ಟು!

1969ರ ಫೆಬ್ರವರಿ 18ರಂದು ಒಳಗೆ ಸೇರಿದವರ ಪಟ್ಟಿ ನೋಡಿದರೆ ಈಗಲೂ ಮೈ ಜುಂ ಎನ್ನುತ್ತದೆ. ಮೈಲ್ಸ್‌ನ ತುತ್ತೂರಿ, ವೇಯ್ನ್ ಶಾರ್ಟರ್‌ನ ಸೊಪ್ರಾನೊ ಸ್ಯಾಕ್ಸೊಫೋನ್, ಡೇವ್ ಹಾಲೆಂಡ್‌ನ ಬಾಸ್, ಟೋನಿಯ ಡ್ರಮ್ಸ್. ಕೀಬೋರ್ಡಿಗೆ ಒಬ್ಬರಲ್ಲ, ಮೂವರು. ಹರ್ಬಿ ಹ್ಯಾನ್‌ಕಾಕ್ ಮತ್ತು ಚಿಕ್ ಕೊರಿಯಾ ಎಲೆಕ್ಟ್ರಿಕ್ ಪಿಯಾನೊಗಳಲ್ಲಿ, ಜೋ ಜಾವಿನುಲ್ ಆರ್ಗನ್ನಿನಲ್ಲಿ. ಜಾವಿನುಲ್‌ಗೆ ಮೈಲ್ಸ್ ಫೋನ್ ಮಾಡಿ ಬಾ ಎಂದದ್ದು ಆವತ್ತೇ ಬೆಳಿಗ್ಗೆ. ಇಟ್ಟ ಮೇಲೆ ಮತ್ತೆ ಫೋನ್ ಮಾಡಿ, ಬರುವಾಗ ಒಂದಿಷ್ಟು ಸಂಗೀತವನ್ನೂ ತಾ ಅಂದ. ಮದುವೆಮನೆಗೆ ಬರುವವರಿಗೆ ಬರುವಾಗ ಸಾರಿನ ಪುಡಿ ಹಿಡಿದುಕೊಂಡು ಬನ್ನಿ ಎಂದು ಹೇಳುವ ಹಾಗೆ. ಜಾವಿನುಲ್ ತಂದದ್ದು ‘ಇನ್ ಎ ಸೈಲೆಂಟ್ ವೇ’. ಆಸ್ಟ್ರಿಯಾದಲ್ಲಿ ಕುರಿ ಕಾಯುತ್ತಿದ್ದ ಬಾಲ್ಯದ ನೆನಪಿನಲ್ಲಿ ಕಟ್ಟಿದ ಮಟ್ಟು. ಆವತ್ತಿನ ಆಲ್ಬಮ್ಮಿಗೂ ಕೊನೆಗೆ ಅದೇ ಹೆಸರಾಯಿತು.

ಅವನು ಬರೆದುಕೊಂಡು ಬಂದಾಗ ಅದರಲ್ಲಿ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು, ತುಂಬಿದ್ದವು; ಸಾಲು ಸಾಲಿಗೂ ನೆಲ ಬದಲಾಗುತ್ತಿತ್ತು. ಮೊದಲು ಹಾಗೆಯೇ ನುಡಿಸಿಯೂ ನೋಡಿದರು. 2001ರಲ್ಲಿ ಆ ದಿನಗಳ ಟೇಪುಗಳನ್ನೆಲ್ಲ ಪೆಟ್ಟಿಗೆಯಾಗಿ ಹೊರತಂದಾಗ ಆ ಅಭ್ಯಾಸದ ತುಣುಕೂ ಹೊರಬಂತು. ಚೆನ್ನಾಗಿಯೇ ಇದೆ, ಮೆಲ್ಲಗೆ ತೂಗುವ ಲಯವೂ ಇದೆ. ಅಲ್ಲಿಗೆ ಬಿಟ್ಟಿದ್ದರೆ ಒಳ್ಳೆಯ ಹಾಡು ಎನಿಸಿಕೊಂಡು ಸುಮ್ಮನಾಗುತ್ತಿತ್ತು. ಮೈಲ್ಸ್ ಆ ಕಾರ್ಡುಗಳನ್ನೆಲ್ಲ ಕಿತ್ತುಹಾಕಿದ. ಕೆಳಗೆ ಒಂದೇ ಸ್ವರ, ಇ. ಅದನ್ನೇ ಹಿಡಿದು ಎಲ್ಲರೂ ನಿಲ್ಲಬೇಕು. ಮೊದಲು ಯಾರು ನುಡಿಸಬೇಕು? ಅತಿಥಿ.

ಜಾನ್‌ಗೆ ಕೈ ಬೆವರಿತ್ತು. ಪಿಯಾನೊಗೆಂದು ಬರೆದ ಹಾಳೆ ಎದುರಿಗಿದೆ. ಮೈಲ್ಸ್ ಗೊಗ್ಗರು ದನಿಯಲ್ಲಿ ಹೇಳಿದ್ದು ಇಷ್ಟು: ನಿನಗೆ ಗಿಟಾರ್ ನುಡಿಸಲು ಬರುವುದೇ ಇಲ್ಲ ಅನ್ನುವ ಹಾಗೆ ನುಡಿಸು. ಮೆಕ್‌ಲಾಫ್ಲಿನ್ ಈ ಕಥೆಯನ್ನು ಆಮೇಲೆ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಲಂಡನ್ನಿನಲ್ಲಿ ಬೆರಳಿನ ವೇಗಕ್ಕೇ ಹೆಸರಾದ ಮನುಷ್ಯ. ಅವನು ಹಿಡಿದದ್ದು ಇ ಮೇಜರ್ ಕಾರ್ಡ್. ಗಿಟಾರ್ ಕೊಂಡ ವಾರದಲ್ಲೇ ಯಾವ ಹುಡುಗನಿಗೂ ಬರುವ ಹಿಡಿತ ಅದು. ತಂತಿಗಳನ್ನು ಒಂದೊಂದಾಗಿ ಮೀಟಿದ, ಮಟ್ಟನ್ನು ಕತ್ತಲಲ್ಲಿ ಗೋಡೆ ತಡವುತ್ತ ಹೋಗುವವನಂತೆ ಹುಡುಕಿದ. ಟೇಪ್ ಓಡುತ್ತಿದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

ಇದನ್ನು ನಾನು ಕಾಲುದಾರಿಯಲ್ಲಿ ನಿಂತೇ ಕೇಳಿದೆ. ಹುಡುಗ ತನ್ನ ಒಂದು ಇಯರ್‌ಫೋನನ್ನು ನನಗೆ ಕೊಟ್ಟು ಇನ್ನೊಂದನ್ನು ತಾನು ಸಿಕ್ಕಿಸಿಕೊಂಡ. ಮೊದಲ ಮೀಟಿಗೇ ನಮ್ಮಂಥವರ ಕಿವಿಗೆ ಗೊತ್ತಾಗುವುದು ಶ್ರುತಿ. ಕೆಳಗೆ ಆರ್ಗನ್ ಹಿಡಿದ ಸ್ವರ, ಡೇವ್ ಹಾಲೆಂಡ್ ಕಮಾನಿನಿಂದ ಎಳೆಯುವ ಬಾಸ್. ತಾಳವಿಲ್ಲ, ಡ್ರಮ್ಸ್ ಇಲ್ಲ. ಮೇಲೆ ಗಿಟಾರ್ ಒಂದು ಸ್ವರ ಇಟ್ಟು ಕಾಯುತ್ತದೆ, ಇನ್ನೊಂದು ಇಡುತ್ತದೆ. ಆಲಾಪನೆ ಎಂದು ಕರೆದರೆ ಶಾಸ್ತ್ರಜ್ಞರು ಕೋಪಿಸಿಕೊಳ್ಳಬಹುದು, ಕೋಪಿಸಿಕೊಳ್ಳಲಿ. ಆಮೇಲೆ ಅದೇ ಮಟ್ಟನ್ನು ವೇಯ್ನ್ ಶಾರ್ಟರ್ ಎತ್ತಿಕೊಳ್ಳುತ್ತಾನೆ, ಆಮೇಲೆ ಮೈಲ್ಸ್ ಸೇರುತ್ತಾನೆ. ಯಾರೂ ಅದನ್ನು ಬೆಳೆಸುವುದಿಲ್ಲ, ಅಲಂಕರಿಸುವುದಿಲ್ಲ. ಮೂರು ಜನ ಮೂರು ದನಿಯಲ್ಲಿ ಅದೇ ಮಾತು ಹೇಳುತ್ತಾರೆ. ಆ ಕೋಣೆಯಲ್ಲಿದ್ದವರ ಕೈಚಳಕ ಎಷ್ಟೆಂದು ಬಲ್ಲವರಿಗೆ ಇದು ನಂಬಲಾಗದ ಸಂಯಮ.

ಟೋನಿಯ ವಿಚಾರ ಇನ್ನೂ ವಿಚಿತ್ರ. ಡ್ರಮ್ಸಿನ ಮೇಲೆ ಸಿಡಿಲು ಸುರಿಸುತ್ತಿದ್ದ ಹುಡುಗ, ರೆಕಾರ್ಡಿನ ಮೊದಲ ಬದಿಯ ‘ಶ್ಶ್/ಪೀಸ್‌ಫುಲ್’ನಲ್ಲಿ ಹದಿನೆಂಟು ನಿಮಿಷ ಬರೀ ಹೈ-ಹ್ಯಾಟ್ ತಟ್ಟೆಗಳನ್ನು ಒಂದೇ ಸಮನೆ ತಟ್ಟುತ್ತಾನೆ. ಚಿಟಿಚಿಟಿಚಿಟಿ ಎಂದು ಮಳೆ ಹಿಡಿದಂತೆ. ಜಾವಿನುಲ್‌ನ ಮಟ್ಟಿನಿಂದ ಶುರುವಾಗುವ ಎರಡನೇ ಬದಿಯಲ್ಲೂ, ಆ ಮಟ್ಟು ಮುಗಿದ ಮೇಲೆ, ಬಹಳ ಹೊತ್ತು ಡ್ರಮ್ಮಿನ ಅಂಚನ್ನಷ್ಟೇ ಬಡಿಯುತ್ತ ತಡೆದುಕೊಂಡು, ಕೊನೆಗೊಮ್ಮೆ ಮೈಲ್ಸ್ ನುಡಿಸುವಾಗ ಕಟ್ಟೆಯೊಡೆಯುತ್ತಾನೆ. ಅದೂ ಕೆಲವೇ ಕ್ಷಣ. ಇದು ಮೈಲ್ಸ್ ಜೊತೆ ಸ್ಟುಡಿಯೋದಲ್ಲಿ ಅವನ ಕೊನೆಯ ದಿನ. ತನ್ನ ಅತಿಥಿಯನ್ನು ಎತ್ತಿಕೊಂಡ ಯಜಮಾನನ ಮೇಲಿನ ಸಿಟ್ಟೂ ಆ ಬಡಿತದಲ್ಲಿ ಇತ್ತೋ ಏನೋ, ಕೇಳುವಾಗಲೆಲ್ಲ ನನಗೆ ಹಾಗೆ ಅನ್ನಿಸುತ್ತದೆ.

ಇಷ್ಟಾದರೂ ಆಲ್ಬಮ್ ಆಗಿರಲಿಲ್ಲ. ಗಂಟೆಗಟ್ಟಲೆ ಟೇಪನ್ನು ನಿರ್ಮಾಪಕ ಟಿಯೊ ಮೆಸೆರೊ ಮತ್ತು ಮೈಲ್ಸ್ ಕೂತು ಕೊಯ್ಯತೊಡಗಿದರು. ನಮ್ಮ ಆಕಾಶವಾಣಿಯ ಹಳಬರಿಗೆ ಈ ಕೆಲಸ ಗೊತ್ತು. ಸ್ಪೂಲನ್ನು ಕೈಯಲ್ಲೇ ಹಿಂದೆ ಮುಂದೆ ತಿರುಗಿಸಿ, ಸದ್ದು ನಿಲ್ಲುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿ ಹಚ್ಚುವುದು. ಮೆಸೆರೊ ಬೇಡದ್ದನ್ನೆಲ್ಲ ಕಿತ್ತ ಮೇಲೆ ಎಲ್‌ಪಿ ರೆಕಾರ್ಡಿಗೆ ಸಾಲದಷ್ಟು ಕಡಿಮೆ ಸಂಗೀತ ಉಳಿಯಿತು. ಆಗ ಅವನು ಮಾಡಿದ ಕೆಲಸ ನೋಡಿ: ಎರಡೂ ಬದಿಗಳಲ್ಲಿ ಮೊದಲ ಭಾಗವನ್ನೇ ನಕಲು ತೆಗೆದು ಕೊನೆಗೆ ತಂದು ಅಂಟಿಸಿದ. ಮತ್ತೊಮ್ಮೆ ನುಡಿಸಿದ್ದಲ್ಲ, ಅದೇ ಟೇಪು. ಅಂದರೆ ಎರಡನೇ ಬದಿಯ ಕೊನೆಯಲ್ಲಿ ಜಾನ್ ಅದೇ ಅಳುಕಿನಿಂದ, ಅದೇ ಜಾಗದಲ್ಲಿ ಅದೇ ಸ್ವರಕ್ಕೆ ತಡವರಿಸುತ್ತಾನೆ.

ಮೊದಲ ಸಲ ಕೇಳಿದಾಗ ಇದು ನನಗೆ ತಿಳಿದಿರಲೇ ಇಲ್ಲ. ಯಾಕೆಂದರೆ ಆರಂಭದಲ್ಲಿ ಅಂಜಿಕೆಯಂತೆ ಕೇಳಿಸಿದ್ದು, ನಡುವೆ ಅಷ್ಟೊಂದು ಹೊತ್ತು ಬಾಸ್ ಮತ್ತು ಡ್ರಮ್ಸ್ ಓಡಿದ ಮೇಲೆ, ವಿಶ್ರಾಂತಿಯಂತೆ ಕೇಳಿಸುತ್ತದೆ. ಒಂದಿನಿತೂ ಬದಲಾಗದ ಧ್ವನಿ ಬೇರೆಯದೇ ಆಗಿಬಿಡುವ ಈ ಚಮತ್ಕಾರಕ್ಕೆ ನನ್ನಲ್ಲಿ ವಿವರಣೆಯಿಲ್ಲ. ಎದುರಿನ ಗಾಜಿನ ಬಾಗಿಲಿನಿಂದ ಜನ ಹೋಗುತ್ತ ಬರುತ್ತ ಇದ್ದರು. ಅವರಲ್ಲಿ ಯಾರದೋ ಅಡುಗೆಮನೆ ಇರುವ ಎತ್ತರದಲ್ಲೇ, ಅದೇ ಗಾಳಿಯಲ್ಲಿ, ಆ ಇ ಸ್ವರ ತೂಗುತ್ತಿತ್ತಲ್ಲ ಎಂದು ಯೋಚಿಸಿ ತಲೆ ಗಿರ್ರೆಂದಿತು.

ಒಟ್ಟು ಮೂವತ್ತೆಂಟು ನಿಮಿಷ. 1969ರ ಜುಲೈ ಕೊನೆಗೆ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಹತ್ತೇ ದಿನಕ್ಕೆ, ಅಂಗಡಿಗೆ ಬಂತು. ಜಾಜ್ ಮಂದಿಯಲ್ಲಿ ಕೆಲವರು ಮುಖ ಸಿಂಡರಿಸಿದರು, ಇದು ರಾಕ್ ಎಂದರು. ಜಾವಿನುಲ್‌ಗೂ ತನ್ನ ಕಾರ್ಡುಗಳು ಹೋದದ್ದು ರುಚಿಸಲಿಲ್ಲ. ಮುಂದೆ ತನ್ನ ಹೆಸರಿನ ಆಲ್ಬಮ್ಮಿನಲ್ಲಿ ಅವುಗಳ ಸಮೇತ ಅದೇ ಕೃತಿಯನ್ನು ಮತ್ತೆ ನುಡಿಸಿದ. ಅದೂ ಸೊಗಸಾಗಿದೆ. ಆದರೆ ನನ್ನ ಓಟು ಮೈಲ್ಸ್‌ಗೆ.

ಅತಿಥಿಯ ಮುಂದಿನ ದಾರಿ ನಮ್ಮ ಕಡೆಗೇ ತಿರುಗಿತು. ಶ್ರೀ ಚಿನ್ಮಯರ ಶಿಷ್ಯನಾಗಿ ‘ಮಹಾವಿಷ್ಣು’ ಎಂಬ ಹೆಸರು ಪಡೆದ, 1971ರಲ್ಲಿ ಆ ಹೆಸರಿನದೇ ತಂಡ ಕಟ್ಟಿದ. ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತ. ಎಲ್. ಶಂಕರ್, ಜಾಕಿರ್ ಹುಸೇನ್, ಘಟಂ ವಿನಾಯಕರಾಂ ಜೊತೆ ‘ಶಕ್ತಿ’ ಹುಟ್ಟಿತು. ಅದಕ್ಕಾಗಿ ಅವನು ಮಾಡಿಸಿಕೊಂಡ ಗಿಟಾರನ್ನು ಒಮ್ಮೆ ಚಿತ್ರದಲ್ಲಾದರೂ ನೋಡಬೇಕು. ಮೆಟ್ಟಿಲುಗಳ ನಡುವಿನ ಮರವನ್ನು ದೋಣಿಯಂತೆ ಕೊರೆದಿದ್ದಾರೆ, ತಂತಿಯನ್ನು ಆಳಕ್ಕೆ ಒತ್ತಿ ಗಮಕ ತೆಗೆಯಲಿ ಎಂದು. ಮುಖ್ಯ ತಂತಿಗಳಿಗೆ ಅಡ್ಡಲಾಗಿ ಏಳು ಶ್ರುತಿ ತಂತಿಗಳು. ಶಕ್ತಿಯ ಮೊದಲ ಆಲ್ಬಮ್ 1975ರ ಜುಲೈಯಲ್ಲಿ ಧ್ವನಿಮುದ್ರಣಗೊಂಡದ್ದು ಇಲ್ಲಿಂದ ದೂರವೇನಲ್ಲದ ಲಾಂಗ್ ಐಲೆಂಡಿನ ಸೌತ್‌ಹ್ಯಾಂಪ್ಟನ್ ಕಾಲೇಜಿನ ಕಛೇರಿಯಲ್ಲಿ. ಅಲ್ಲಿಗೂ ಹೋಗಬೇಕು ಎಂದೆ. “ಅದಕ್ಕೆ ಇನ್ನೊಬ್ಬ ಅಳಿಯನ್ನ ಹುಡುಕಿ ಮಾಮ” ಎಂದ ಹುಡುಗ.

ವಾಪಸು ಬರುವಾಗ ಕಲುಸ್ಟಿಯನ್ಸ್ ಒಳಗೆ ಹೋಗಿ ಅವನ ಹೆಂಡತಿ ಬರೆದುಕೊಟ್ಟ ಚೀಟಿಯ ಸಾಮಾನು ಕೊಂಡೆವು. ಎರಡು ಕೈಯಲ್ಲೂ ಚೀಲ. ಆದರೂ ಇನ್ನೊಂದು ಸಲ 30ನೇ ಬೀದಿಯ ಮೂಲೆಗೆ ಹೋಗೋಣ ಎಂದು ನಾನು ಎಳೆದೆ. ದಾರಿಯಲ್ಲಿ 1970ರ ಏಪ್ರಿಲ್ 7ರ ಕಥೆ ಹೇಳಿದೆ. ಮತ್ತೆ ಅದೇ ಸ್ಟುಡಿಯೋ, ಮತ್ತೆ ಮೈಲ್ಸ್ ಮತ್ತು ಜಾನ್. ‘ಜ್ಯಾಕ್ ಜಾನ್ಸನ್’ ಆಲ್ಬಮ್ಮಿಗೆ ತಯಾರಿ. ಮೈಲ್ಸ್ ಒಳಗಿನ ಕೋಣೆಯಲ್ಲಿ ಮೆಸೆರೊ ಜೊತೆ ಮಾತಾಡುತ್ತಲೇ ಇದ್ದ. ಕಾದು ಬೇಸತ್ತ ಜಾನ್ ಸುಮ್ಮನೆ ಒಂದು ಬೂಗಿ ಲಯ ಹಿಡಿದ, ಬಾಸ್ ಮತ್ತು ಡ್ರಮ್ಸ್ ಕೂಡಿಕೊಂಡವು, ಮೈಲ್ಸ್ ತುತ್ತೂರಿ ಹಿಡಿದು ಓಡಿ ಬಂದ. ಅದೇ ಹೊತ್ತಿಗೆ ಬೇರೇನೋ ಕೆಲಸಕ್ಕೆ ಆ ಕಟ್ಟಡಕ್ಕೆ ಬಂದಿದ್ದ ಹರ್ಬಿ ಹ್ಯಾನ್‌ಕಾಕ್, ಕೈಯಲ್ಲಿ ದಿನಸಿ ಚೀಲ ಹಿಡಿದುಕೊಂಡು ಹಾದುಹೋಗುತ್ತಿದ್ದ. ಅವನನ್ನು ಹಿಡಿದು ಎಂದೂ ಸರಿಯಾಗಿ ಮುಟ್ಟಿರದ ಒಂದು ಫರ್ಫೀಸಾ ಆರ್ಗನ್ನಿನ ಮುಂದೆ ಕೂರಿಸಿದರು. ಮೊದಲು ಮೊಣಕೈಯನ್ನೇ ಊರಿ ನುಡಿಸಿದಂತೆ ಕೇಳಿಸುತ್ತದೆ. ಆ ನುಡಿಸಾಣಿಕೆಯೂ ಆಲ್ಬಮ್ಮಿನಲ್ಲಿ ಹಾಗೇ ಇದೆ.

ಹುಡುಗ ತನ್ನ ಕೈಯಲ್ಲಿದ್ದ ತೊಗರಿಬೇಳೆ, ಇಂಗು, ಒಣಮೆಣಸಿನಕಾಯಿಯ ಚೀಲಗಳನ್ನು ನೋಡಿಕೊಂಡ. ಆಮೇಲೆ ಗಾಜಿನ ಬಾಗಿಲ ಕಡೆ ನೋಡಿದ.

“ನಡೀರಿ ಮಾಮ, ಒಳಗೆ ಹೋಗೋಣ. ಯಾರಾದ್ರೂ ಕರೆದ್ರೂ ಕರೀಬಹುದು.”